ಹೊನ್ನವ್ವನ ಪಾರ್ಟು ನನಗೆ ಬೇಡ

ದಿನಾಂಕ: ೧೦ ಅಕ್ಟೋಬರ್ ೧೯೮೭

ಇಂದ,
ಗುದ್ಲೆಪ್ಪ ಸಿಂಪಿ, ಮುಲ್ಕಿ ಪಾಸು,
ಟೇಲರ್ ಹಾಗೂ ಸ್ತ್ರೀ ಪಾರ್ಟುಧಾರಿ,
ಬಸ್ಸು ನಿಲ್ಲುವ ಬೇವಿನ ಗಿಡದ ಎದುರು,
ತೊಗರಿಕೊಪ್ಪ, ತಾ: ಸವಣೂರ, ಜಿ: ಧಾರವಾಡ.

ಗೆ,
ಶ್ರೀ ಶಂಕ್ರಪ್ಪನವರು,
ಅಧ್ಯಕ್ಷರು, ಶ್ರೀ ದ್ಯಾಮವ್ವ ದೇವಿ ನಾಟ್ಯ ಸಂಘ, ತೊಗರಿಕೊಪ್ಪ;
ಹಾಗೂ ಮಂಡಲ ಪಂಚಾಯತಿ ಸದಸ್ಯೆ ಶ್ರೀಮತಿ ಹೊನ್ನವ್ವನವರ ಪತಿ;
ಹಾಗೂ ಮೊನ್ನೆ ಮೊನ್ನೆಯವರೆಗೆ ಸ್ವತಃ ಹೊನ್ನವ್ವ.

ವಿಷಯ: ದೀಪಾವಳಿ ಪಾಡ್ಯದ ನಾಟಕದಲ್ಲಿ ರಾಣಿ ಹೇಮಕುಂತಲೆಯ ಪಾರ್ಟನ್ನು ನನಗೇ ಮರಳಿ ಕೊಡುವ ಕುರಿತು.

ಉಲ್ಲೇಖ: (ಅ) ಸಂಘದ ನೋಟೀಸು (ದಿನಾಂಕ ಹಾಕಿಲ್ಲ, ತಂಬಾಕಿನ ಕಲೆ ಇದೆ). (ಆ) ಹಿಟ್ಟಿನ ಗಿರಣಿಯ ಮುಂದೆ ನಾಲ್ಕು ಮಂದಿ ಎದುರಿಗೆ ತಾವು ನನ್ನನ್ನು ಬೈದದ್ದು.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನಾದ ನಾನು ಬಿನ್ನವಿಸಿಕೊಳ್ಳುವುದೇನೆಂದರೆ, "ಸದರಿ ಗುದ್ಲೆಪ್ಪನು ಮಂಡಲ ಸಭೆಯಲ್ಲಿ ಪುಸ್ತಕದಲ್ಲಿಲ್ಲದ ಮಾತು ಆಡಿ ಸಂಘಕ್ಕೆ ಬರಲಿದ್ದ ರಂಗಮಂದಿರವನ್ನು ತಪ್ಪಿಸಿದ ಕಾರಣ, ಆತನನ್ನು ರಾಣಿ ಪಾರ್ಟಿನಿಂದ ತೆಗೆದು ದ್ವಾರಪಾಲಕನ ಪಾರ್ಟು ಕೊಡಲಾಗಿದೆ" ಎಂದು ನೋಟೀಸಿನಲ್ಲಿದೆ. ದ್ವಾರಪಾಲಕನಿಗೆ ಇಡೀ ನಾಟಕದಲ್ಲಿ "ಅಪ್ಪಣೆ, ಪ್ರಭು" ಎಂಬ ಒಂದೇ ಮಾತು. ಅದನ್ನು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದೆ. ಪ್ರತಿ ಸಲವೂ ಸೊಂಟ ತಾನಾಗಿ ಬಳುಕಿತು. ನನ್ನಿಂದಾಗದು.

ನಡೆದದ್ದೆಲ್ಲ ತಮಗೆ ಗೊತ್ತೇ ಇದೆ. ಆದರೂ ಅರ್ಜಿ ಎಂದ ಮೇಲೆ ಮೊದಲಿನಿಂದ ಹೇಳುವುದು ಪದ್ಧತಿಯಾದ ಕಾರಣ, ಈ ಕೆಳಗಿನಂತೆ ನಮೂದಿಸಿದ್ದೇನೆ.

೧. ಈ ವರ್ಷ ಜನವರಿಯಲ್ಲಿ ಮಂಡಲ ಪಂಚಾಯತಿ ಚುನಾವಣೆ ಬಂದು, ಸರಕಾರದವರು ಹೆಣ್ಣುಮಕ್ಕಳಿಗೂ ಸ್ಥಾನ ಮೀಸಲಿಟ್ಟ ಕಾರಣ, ಅಭ್ಯರ್ಥಿಯಾಗಲೆಂದು ತಾವು ಹೊಲಿಸಿದ್ದ ಬಿಳಿ ಅಂಗಿ ವ್ಯರ್ಥವಾಗುವ ಪ್ರಸಂಗ ಒದಗಿತು. ಆದ್ದರಿಂದ ತಾವು ತಮ್ಮ ಧರ್ಮಪತ್ನಿ ಹೊನ್ನವ್ವನವರನ್ನು ನಿಲ್ಲಿಸಿದಿರಿ. ಕರಪತ್ರದಲ್ಲಿ ಹೆಸರು ಅವರದು, ಫೋಟೋ ತಮ್ಮದು. ಹೆಂಡತಿಯ ಹೆಸರು ಹಿಡಿದು ಕರೆಯುವ ರೂಢಿ ತಮಗೆ ಇಲ್ಲದ ಕಾರಣ ಓಣಿ ಓಣಿ ತಿರುಗಿ "ನಮ್ಮ ಮನ್ಯಾಕಿಗೆ ಓಟ ಹಾಕ್ರಿ" ಎಂದು ಕೈ ಮುಗಿದಿರಿ. ಗೆದ್ದಾಗ ಹಾರ ತಮ್ಮ ಕೊರಳಿಗೆ ಬಿತ್ತು, ಚಕ್ಕಡಿಯ ಮೇಲೆ ತಾವೇ ನಿಂತಿರಿ. ಹೊನ್ನವ್ವನವರು ಮೆರವಣಿಗೆಯ ಮಂದಿಗೆ ಚುರಮುರಿ ಒಗ್ಗರಣೆ ಹಾಕುತ್ತಿದ್ದರಿಂದ ಹೊರಗೆ ಬರಲಾಗಲಿಲ್ಲ.

೨. ಅಲ್ಲಿಂದ ಮುಂದೆ ಸಭೆಯಲ್ಲಿ ಕಾರ್ಯದರ್ಶಿ "ಶ್ರೀಮತಿ ಹೊನ್ನವ್ವ" ಎಂದು ಕೂಗಿದಾಗಲೆಲ್ಲ ತಾವು ಮೀಸೆಯ ಮೇಲೆ ಕೈಯಾಡಿಸುತ್ತ "ಹಾಜರ್" ಎನ್ನುತ್ತಿದ್ದಿರಿ. ಇದನ್ನು ನಾನು ಟೀಕಿಸುತ್ತಿಲ್ಲ. ನಮ್ಮ ಸಂಘದಲ್ಲಿ ಹೆಣ್ಣುಮಕ್ಕಳು ಸ್ಟೇಜು ಹತ್ತಬಾರದೆಂಬ ನಿಯಮವಿದೆ, ಅದರಿಂದಲೇ ನನಗೆ ಪಾರ್ಟು ಸಿಕ್ಕಿದೆ, ಆದ್ದರಿಂದ ಟೀಕಿಸುವ ಬಾಯಿ ನನಗೆಲ್ಲಿದೆ? ಆದರೆ ಕಲಾವಿದನಾಗಿ ಒಂದು ಮಾತು ಹೇಳಲೇಬೇಕು. ಮೀಸೆ ಬೋಳಿಸದೆ ಸ್ತ್ರೀ ಪಾರ್ಟು ಮಾಡಬಾರದು.

೩. ಹೀಗಿರಲಾಗಿ, ಭಾದ್ರಪದದ ಸಭೆಗೆ ತಾಲೂಕಿನಿಂದ ಸಾಹೇಬರೊಬ್ಬರು ಬರುವರೆಂದೂ, ಹೆಣ್ಣು ಸದಸ್ಯರು ಖುದ್ದು ಹಾಜರಿರತಕ್ಕದ್ದೆಂದೂ ಹುಕುಂ ಬಂತು. ಅದೇ ಸಭೆಯಲ್ಲಿ ಊರ ಹಿಂದಿನ ಜಾಲಿಕಂಟಿಯ ಪೊದೆಗಳನ್ನು ಕಡಿದು ಜಾಗ ಸ್ವಚ್ಛ ಮಾಡಿ ನಮ್ಮ ಸಂಘಕ್ಕೆ ಕಲ್ಲಿನ ರಂಗಮಂದಿರ ಕಟ್ಟುವ ವಿಷಯವಿತ್ತು. ತಾವು ನನ್ನ ಅಂಗಡಿಗೆ ಬಂದು, ಬಾಗಿಲು ಮುಂದೆ ಮಾಡಿ, ಹೀಗೆಂದಿರಿ:

"ಲೇ ಗುದ್ಲ್ಯಾ, ಒಂದು ದಿನದ ಮಟ್ಟಿಗೆ ನೀ ನಮ್ಮ ಮನ್ಯಾಕಿ ಆಗಬೇಕು ನೋಡು. ಸೆರಗ ಹೊದ್ದು ಕುಂದರೂದು, ಕೈ ಎತ್ತು ಅಂದಾಗ ಎತ್ತೂದು. ಮಾತಿಲ್ಲದ ಪಾರ್ಟು."

ನಾನು ಕೇಳಿದೆ: "ಯಾಕ್ರಿ ಸಾವಕಾರ್ರ, ಅಕ್ಕಾರನ್ನ ಕಳಿಸಬಾರದನ?"

ತಾವು ಹೇಳಿದಿರಿ: "ಆಕಿ ಬಂದ್ರ ಮಾತಾಡ್ತಾಳ."

ನಾನು ಒಪ್ಪಿದೆ. ರಂಗಮಂದಿರದ ಆಸೆಗೆ ಒಪ್ಪಿದೆ ಎಂದು ಬಾಯಿ ಬಿಟ್ಟು ಹೇಳುತ್ತೇನೆ. ಇಷ್ಟು ವರ್ಷ ಚಕ್ಕಡಿಗಳ ಮೇಲೆ ಹಲಗೆ ಹಾಸಿ ಕುಣಿದವನು ನಾನು. ಹಂಸಭಾವಿಯಲ್ಲಿ ಒಮ್ಮೆ ವಿರಹದ ಪದ ಹಾಡುವಾಗ ಹಲಗೆ ಮುರಿದು ರಾಣಿ ಸೊಂಟದವರೆಗೆ ಒಳಗೆ ಹೋಗಿದ್ದನ್ನು ತಾವೂ ನೋಡಿದ್ದೀರಿ. ಉಳಿದ ಎರಡು ಪದಗಳನ್ನು ನಾನು ಅಲ್ಲಿಂದಲೇ ಹಾಡಿದೆ.

೪. ಸಭೆಯ ದಿನ ತಮ್ಮ ಮನೆಯಲ್ಲಿ ಹೊನ್ನವ್ವನವರೇ ತಮ್ಮ ಇಳಕಲ್ ಸೀರೆಯನ್ನು ನನಗೆ ಉಡಿಸಿದರು. ನಿರಿಗೆ ಹಿಡಿಯುತ್ತ, ನನ್ನ ಮುಖ ನೋಡದೆ, ಮೆಲ್ಲಗೆ ಹೇಳಿದರು:

"ಗುದ್ಲೆಪ್ಪ, ನೀ ನೀರಿನ ಚರಗಿ ತಗೊಂಡು ಯಾವಾಗ ಬೇಕಾದ್ರ ಹೋಗ್ತಿ, ಯಾ ಕಡಿ ಬೇಕಾದ್ರ ಹೋಗ್ತಿ. ನಮಗ ಊರಾಗ ಮರೆ ಅಂತ ಇರೂದು ಆ ಕಂಟಿ ಒಂದ. ಅದನ್ನೂ ಕಡದ್ರ ನಾವು ಎಲ್ಲಿ ಹೋಗೂಣು?"

ನಾನು ಹೂಂ ಎಂದೆ. ಕಿವಿ ಕೇಳಿತು, ತಲೆ ಮಾತ್ರ ರಂಗಮಂದಿರದ ಪಡದೆಗೆ ಯಾವ ಬಣ್ಣ ಎಂದು ಯೋಚಿಸುತ್ತಿತ್ತು. ಅಷ್ಟರಲ್ಲಿ ತಾವು ಬಂದು ಧೈರ್ಯಕ್ಕಿರಲಿ ಎಂದು ನನಗೆ ಚಹಾ ಕುಡಿಸಿದಿರಿ. ಮೇಲೆ ಇನ್ನೊಂದು ಕಪ್ಪು ಕುಡಿಸಿದಿರಿ. ಮುಂದೆ ಆದ ಸಮಸ್ತ ಅನಾಹುತಕ್ಕೆ ಈ ಎರಡನೆಯ ಕಪ್ಪೇ ಕಾರಣವೆಂದು ಅರ್ಜಿದಾರನ ಅಭಿಪ್ರಾಯ.

೫. ಸಭೆಗೆ ಕಾಲಿಟ್ಟವನೇ ನಾನು ರೂಢಿಯಂತೆ ಕೈಯಿರುವ ಕುರ್ಚಿಯತ್ತ ನಡೆದೆ. ಅದು ಪಂಚಾಯತಿಯ ಕುರ್ಚಿ. ಪ್ರತಿ ನಾಟಕಕ್ಕೂ ಅದನ್ನೇ ತಂದು ಜರಿ ಬಟ್ಟೆ ಹೊದಿಸಿ ಸಿಂಹಾಸನ ಮಾಡುತ್ತೇವೆ, ಅದರ ಮೇಲೆ ಕುಳಿತೇ ನಾನು ರಾಜ್ಯ ಆಳುತ್ತೇನೆ. ಪ್ರಧಾನ ಪರಮೇಶಪ್ಪನವರು, ಅಂದರೆ ತಮ್ಮ ಬೀಗರು, "ಏ ಯವ್ವಾ, ಹೆಣಮಕ್ಕಳು ಅಲ್ಲಿ ಕುಂದ್ರಬೇಕು" ಎಂದು ಮೂಲೆಯ ಜಮಖಾನ ತೋರಿಸಿದರು. ಅಲ್ಲಿ ಗೋಡೆಗೆ ಮುಖ ಮಾಡಿದಂತೆ ಭರಮವ್ವನೂ ಇನ್ನಿಬ್ಬರೂ ಕುಳಿತಿದ್ದರು. ಭರಮವ್ವ ಗಂಡನಿಲ್ಲದವಳು, ಆದ್ದರಿಂದ ಇಷ್ಟು ದಿನ ಆಕೆಯ ಮಗ ಆಕೆಯಾಗಿದ್ದ. ನನ್ನದು ಇಲ್ಲೂ ಸೀರೆಯೇ, ನಾಟಕದ ಅದೇ ನಡಿಗೆಯೇ. ಸ್ಟೇಜಿನ ಮೇಲೆ ನಾನು ಕಣ್ಣು ಹೊರಳಿಸಿದರೆ ಹತ್ತಿಮತ್ತೂರಿನವರು ಶಿಳ್ಳೆ ಹೊಡೆಯುತ್ತಾರೆ. ಇಲ್ಲಿ ನನ್ನನ್ನು ಯಾರೂ ತಿರುಗಿ ಸಹ ನೋಡಲಿಲ್ಲ. ಕಲಾವಿದನಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ.

೬. ಸಭೆ ಬೆಳೆಯಿತು. ಗಟಾರದ ವಿಷಯ ಮುಗಿದು ಲೈಟಿನ ಕಂಬದ ವಿಷಯ ಬರುವ ಹೊತ್ತಿಗೆ ಚಹಾ ತನ್ನ ಕೆಲಸ ಶುರು ಮಾಡಿತು. ಗಂಡು ಸದಸ್ಯರು ಮಾತಿನ ನಡುವೆಯೇ ಎದ್ದು, ಹೊರಗಿನ ಗೋಡೆಯ ತನಕ ಹೋಗಿ, ಹಗುರಾಗಿ ಬರುತ್ತಿದ್ದರು. ಪ್ರಧಾನರು ಎರಡು ಸಲ ಹೋಗಿ ಬಂದರು. ನಾನೂ ಮರೆತು ಅರ್ಧ ಎದ್ದೆ, ಸೀರೆ ನೆನಪಾಗಿ ಕುಳಿತೆ. ಆ ಗೋಡೆ ನನ್ನ ಹಳೆಯ ಗೆಳೆಯ. ಆದರೆ ಹೊನ್ನವ್ವ ಆ ಗೋಡೆಗೆ ಹೋಗುವ ಹಾಗಿಲ್ಲ. ಕಾಲ ಮೇಲೆ ಕಾಲು ಹಾಕಿದೆ, ದೇವರ ಹೆಸರು ಹೇಳಿದೆ, ಲೈಟಿನ ಕಂಬಕ್ಕೆ ಮನಸ್ಸಿನಲ್ಲೇ ಶಾಪ ಹಾಕಿದೆ. ಹಣೆಯ ಬೆವರಿಗೆ ಕುಂಕುಮ ಇಳಿಯತೊಡಗಿತು.

ಆಗ ಭರಮವ್ವ ನನ್ನತ್ತ ವಾಲಿ ಕಿವಿಯಲ್ಲಿ ಹೇಳಿದಳು: "ತಡಕೊ ತಂಗಿ. ನಾವೂ ಮುಂಜಾನಿಂದ ನೀರು ಮುಟ್ಟಿಲ್ಲ. ಕತ್ತಲಾಗೂ ತನಕ ತಡಕೋಬೇಕು."

ಸೂರ್ಯ ಆಗ ನೆತ್ತಿಯ ಮೇಲಿದ್ದ. ಕತ್ತಲಾಗುವ ತನಕ ಎಂಬ ಮಾತು ಕೇಳಿ ನನ್ನ ಎದೆ ಒಡೆಯಿತು. ಹೊನ್ನವ್ವನವರು ನಿರಿಗೆ ಹಿಡಿಯುವಾಗ ಹೇಳಿದ್ದು ಅಷ್ಟೊತ್ತಿಗೆ ನನ್ನ ತಲೆಗೆ ಹೋಯಿತು. ಇಷ್ಟು ವರ್ಷ ಹೆಣ್ಣಾಗಿ ಅತ್ತು ಮಂದಿಯನ್ನು ಅಳಿಸಿದವನಿಗೆ ಇದೊಂದು ಸಂಗತಿ ಗೊತ್ತಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

೭. ಅಷ್ಟರಲ್ಲಿ ಜಾಲಿಕಂಟಿಯ ವಿಷಯ ಬಂತು. ಹೆಣ್ಣು ಸದಸ್ಯರ ಅಭಿಪ್ರಾಯವೇನೆಂದು ಸಾಹೇಬರು ಕೇಳಿದರು. ಅವರದೇನು, ಹೂಂ ಅಂತಾರ ಎಂದು ಪ್ರಧಾನರು ನಮ್ಮ ಪರವಾಗಿ ಹೇಳಿದರು. ಅವರೇ ಹೇಳಲಿ ಎಂದು ಸಾಹೇಬರು ಪಟ್ಟು ಹಿಡಿದರು. "ಹೊನ್ನವ್ವಾರ, ಕೈ ಎತ್ರಿ" ಎಂದರು ಪ್ರಧಾನರು. ಕೈ ಎತ್ತುವ ಸ್ಥಿತಿಯಲ್ಲಿ ನಾನಿರಲಿಲ್ಲ. ಎದ್ದು ನಿಂತೆ. ನನಗೆ ಗೊತ್ತಿರುವ ದನಿ ಒಂದೇ, ರಾಣಿಯದು. ಅದೇ ಬಂತು.

"ಸಭಾಸದರೇ! ಮುಂಜಾನೆಯಿಂದ ನೀವು ಒಬ್ಬೊಬ್ಬರಾಗಿ ಎದ್ದು ಹೋಗಿ ಹಗುರಾಗಿ ಬಂದಿರಿ. ನಾವು ನಾಲ್ವರು ಕುಳಿತಲ್ಲೇ ಕುಳಿತಿದ್ದೇವೆ. ನೀರಡಿಸಿದರೂ ಕುಡಿಯದೆ ಕುಳಿತಿದ್ದೇವೆ. ಏಕೆಂದು ಬಲ್ಲಿರಾ? ನಾಟಕವಿಲ್ಲದೆ ನೀವು ಒಂದು ವರ್ಷ ಇರಬಲ್ಲಿರಿ. ನಾವು ಆ ಕಂಟಿಯಿಲ್ಲದೆ ಒಂದು ದಿನವೂ ಇರಲಾರೆವು!"

ಇಲ್ಲಿಯವರೆಗೆ ರಾಣಿ ಮಾತಾಡಿದಳು. ಮುಂದೆ ರಾಣಿಗೆ ಮಾತು ಸಾಲಲಿಲ್ಲ. "ಅದನ್ನೂ ಕಡದ್ರ ನಾವು ಎಲ್ಲಿ ಹೋಗೂಣ್ರಿ?" ಎಂದುಬಿಟ್ಟೆ. ಅದು ನನ್ನ ಮಾತಲ್ಲ. ನೋಟೀಸಿನಲ್ಲಿ ಪುಸ್ತಕದಲ್ಲಿಲ್ಲದ ಮಾತು ಎಂದು ತಾವು ದೂರಿದ್ದು ತಮ್ಮ ಮನೆಯ ಪಡಸಾಲೆಯ ಮಾತೇ.

ನನ್ನ ಕಣ್ಣಿನಲ್ಲಿ ನೀರು ತುಂಬಿತ್ತು. ಯಾಕೆ ತುಂಬಿತ್ತೆಂಬುದು ನನಗೂ ದೇವರಿಗೂ ಗೊತ್ತು. ನಾನು ಕಾಲು ತೊಡರಿಸಿಕೊಂಡು ನಿಂತಿದ್ದನ್ನು ಸಾಹೇಬರು ಗರತಿಯ ಸಂಕೋಚವೆಂದು ತಿಳಿದು ಕರವಸ್ತ್ರ ತೆಗೆದರು. ಭರಮವ್ವ ಪ್ರಸ್ತಾವದ ವಿರುದ್ಧ ಮೊದಲು ಕೈ ಎತ್ತಿದಳು, ಇನ್ನಿಬ್ಬರು ಎತ್ತಿದರು. ನಮ್ಮ ಸಂಘದ ಹಾರ್ಮೋನಿಯಂ ಪೇಟಿ ಬಾರಿಸುವ ದಿಲಾವರ ಮಾಸ್ತರರು, ಅವರೂ ಸದಸ್ಯರಾದ್ದರಿಂದ, ನನ್ನ ದನಿಯ ಹಿಂದೆ ಹೋಗುವ ಚಟಕ್ಕೆ ಬಿದ್ದು ತಾವೂ ಎತ್ತಿದರು. ಸಾಹೇಬರು ಕಣ್ಣೊರೆಸಿಕೊಳ್ಳುವುದನ್ನು ನೋಡಿ ಉಳಿದವರೂ ಎತ್ತಿದರು. ಕಂಟಿ ಕಡಿಯಬಾರದು, ಸುತ್ತ ಕಲ್ಲಿನ ಗೋಡೆ ಕಟ್ಟಿ ಒಳಗೆ ಹೆಣ್ಣುಮಕ್ಕಳಿಗೆ ಪಾಯಖಾನೆ ಕಟ್ಟಬೇಕು ಎಂದು ಠರಾವಾಯಿತು. "ಶ್ರೀಮತಿ ಹೊನ್ನವ್ವನವರು ಇನ್ನು ಮುಂದೆ ಪ್ರತಿ ಸಭೆಗೂ ಖುದ್ದು ಬರತಕ್ಕದ್ದು" ಎಂದು ಸಾಹೇಬರು ಕೆಂಪು ಶಾಯಿಯಲ್ಲಿ ಬರೆದರು. ತಾವು ಕಿಟಕಿಯ ಹೊರಗೆ ನಿಂತು ಹಲ್ಲು ಕಡಿಯುತ್ತಿದ್ದಿರಿ. ಆದರೆ "ಅದು ನಮ್ಮ ಮನ್ಯಾಕಿ ಅಲ್ಲ" ಎಂದು ಹೇಳುವ ಹಾಗಿರಲಿಲ್ಲ.

೮. ಸಭೆ ಮುಗಿದ ಕೂಡಲೇ ಆ ಮೂವರು ನನ್ನನ್ನು ನಡುವೆ ಹಾಕಿಕೊಂಡು ಹಗಲು ಹೊತ್ತಿನಲ್ಲೇ ಕಂಟಿಗೆ ಕರೆದೊಯ್ದರು, ಹೊರಮುಖವಾಗಿ ನಿಂತು ಸೆರಗು ಅಗಲಿಸಿ ಮರೆ ಮಾಡಿದರು. ಜನ್ಮದಲ್ಲಿ ನನಗೆ ಅಂಥ ಮರ್ಯಾದೆ ಯಾರೂ ಮಾಡಿರಲಿಲ್ಲ. ನಾನು ಗುಟ್ಟು ಹೇಳಬೇಕೆಂದು ಬಾಯಿ ತೆಗೆದರೆ ಭರಮವ್ವನೇ ಅಂದಳು: "ಗೊತ್ತೈತಿ ಬಿಡೋ ಗುದ್ಲೆಪ್ಪ. ಇಷ್ಟು ಚೆಂದ ಬಳಕಿ ನಡಿಯೂ ಹೆಂಗಸು ಈ ಊರಾಗ ಯಾರದಾರ? ನಮಗ ಅಷ್ಟು ಪುರಸೊತ್ತು ಎಲ್ಲೈತಿ?" ನಾಲ್ವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

೯. ಮುಂದಿನ ಸಭೆಗೆ, ಬೇರೆ ದಾರಿಯಿಲ್ಲದ ಕಾರಣ, ನಿಜವಾದ ಹೊನ್ನವ್ವನವರು ಬಂದರು. ನಾನು ಮಾಡಿದ ಪಾರ್ಟನ್ನು ಬೇರೆಯವರು ಹೇಗೆ ಮಾಡುತ್ತಾರೋ ಎಂಬ ಕುತೂಹಲದಿಂದ ನಾನು ಕಿಟಕಿಯಲ್ಲಿ ನಿಂತು ನೋಡಿದೆ. ದನಿ ಬೇರೆ ಇದೆಯಲ್ಲ ಎಂದು ಸಾಹೇಬರು ಸಂಶಯಪಟ್ಟರು. "ಅವತ್ತ ನೆಗಡಿ ಆಗಿತ್ರಿ, ಈಗ ನೆಟ್ಟಗಾಗೇತ್ರಿ" ಎಂದರು ಹೊನ್ನವ್ವನವರು, ಕಣ್ಣು ಮಿಟುಕಿಸದೆ. ಆಮೇಲೆ ಜಮಖಾನ ದಾಟಿ ಹೋಗಿ ಕೈಯಿರುವ ಆ ಕುರ್ಚಿ ಎಳೆದು ಕುಳಿತರು. ರಾಣಿಯಾಗಿ ನಾನು ಅದರ ತುದಿಯಲ್ಲಿ ಕೂರುತ್ತಿದ್ದೆ, ಅವರು ಪೂರ್ತಿ ಕುಳಿತರು. ಮೊದಲು ಅವರ ಮಾತು ಯಾರೂ ಕೇಳಲಿಲ್ಲ. ಗಂಡು ಸದಸ್ಯರು ನಡುವೆ ನಡುವೆ ಕೆಮ್ಮಿದರು, ಎಲೆ ಅಡಿಕೆ ತೆಗೆದರು. ಹೊನ್ನವ್ವನವರು ಮಾತು ನಿಲ್ಲಿಸಿ, ಕೆಮ್ಮು ಮುಗಿಯುವ ತನಕ ಕಾದು, ಮತ್ತೆ ಮೊದಲಿನಿಂದ ಶುರು ಮಾಡಿದರು. ಹೀಗೆ ಮೂರು ಸಲ. ಕಡೆಗೆ ಎಲ್ಲರೂ ಕಿವಿಗೊಟ್ಟರು. ಹೊನ್ನವ್ವನವರು ಅಳಲಿಲ್ಲ, ಕೈ ಬೀಸಲಿಲ್ಲ, ಒಂದು ಪದ ಹಾಡಲಿಲ್ಲ. ಗೋಡೆ ಯಾವಾಗ ಕಟ್ಟುತ್ತೀರಿ ಎಂದಷ್ಟೇ ಕೇಳಿ ಕುಳಿತರು. ಅರ್ಜಿದಾರನಿಗೆ ಹೊಟ್ಟೆಕಿಚ್ಚಾಯಿತು ಎಂದು ಈ ಮೂಲಕ ಒಪ್ಪಿಕೊಳ್ಳುತ್ತೇನೆ.

ಆದ್ದರಿಂದ, ಮತ್ತು ಈ ಎಲ್ಲ ಕಾರಣಗಳಿಂದ, ಕೋರುವುದೇನೆಂದರೆ:

ಒಂದನೆಯದಾಗಿ, ರಾಣಿ ಪಾರ್ಟನ್ನು, ನನ್ನ ಬದಲು ತಾವು ನೇಮಿಸಿದ ಚೌಡಪ್ಪನಿಂದ ಹಿಂತೆಗೆದು ನನಗೆ ಕೊಡಬೇಕು. ಆತ ಮೀಸೆ ಬೋಳಿಸಲು ಒಪ್ಪುತ್ತಿಲ್ಲ. ಸೆರಗಿನಿಂದ ಮೀಸೆ ಮುಚ್ಚಿಕೊಂಡು "ನಾಥಾ" ಎಂದಾಗ ರಾಜನ ಪಾರ್ಟಿನವನು ತಾಲೀಮು ಬಿಟ್ಟು ಓಡಿ ಹೋದದ್ದು ತಮಗೆ ತಿಳಿದಿದೆ. ಸ್ಟೇಜು ಚಕ್ಕಡಿಯದೇ ಇರಲಿ. ಹಲಗೆ ಮುರಿದರೆ ಮುರಿಯಲಿ.

ಎರಡನೆಯದಾಗಿ, ಹೊನ್ನವ್ವನ ಪಾರ್ಟು ನನಗೆ ಬೇಡ. ತಮಗೂ ಬೇಡ. ತಾವು ಅದನ್ನು ಮೀಸೆ ಇಟ್ಟುಕೊಂಡು ಮಾಡಿದಿರಿ, ನಾನು ಬೋಳಿಸಿಕೊಂಡು ಮಾಡಿದೆ. ಇಬ್ಬರಿಗೂ ಒಪ್ಪಲಿಲ್ಲ. ಅದನ್ನು ಹೊನ್ನವ್ವನವರಿಗೇ ಕಾಯಂ ಮಾಡಬೇಕು.

ಮೂರನೆಯದಾಗಿ, ಗೋಡೆಗೆಂದು ಬಂದ ಕಲ್ಲು ತಮ್ಮ ಕೊಟ್ಟಿಗೆಯ ಮುಂದೆ ಇಳಿದಿದ್ದು, ಸದ್ಯ ತಮ್ಮ ಎಮ್ಮೆಗಳು ಅದಕ್ಕೆ ಮೈ ತಿಕ್ಕುತ್ತಿವೆ. ಪ್ರಧಾನರು ತಮ್ಮ ಬೀಗರಾದ ಕಾರಣ ತಾವು ಅವರಿಗೆ ಹೇಳಿ ಈ ಕೆಳಗಿನ ವ್ಯವಸ್ಥೆ ಮಾಡಿಸಬೇಕು: ಗೋಡೆ ಎದ್ದು ನಿಲ್ಲುವ ತನಕ, ಪ್ರತಿ ಸಭೆಯ ಆರಂಭದಲ್ಲಿ ಗಂಡು ಸದಸ್ಯರೆಲ್ಲರಿಗೆ ತಲಾ ಎರಡು ಕಪ್ಪು ಚಹಾ ಕುಡಿಸಿ, ಬಾಗಿಲ ಚಿಲಕ ಹಾಕಿ, ಕಡೆಯ ವಿಷಯ ಮುಗಿಯುವ ತನಕ ತೆಗೆಯಬಾರದು. ಗೋಡೆ ತಾನಾಗಿ ಬೇಗ ಏಳುತ್ತದೆ ಎಂದು ಅನುಭವದಿಂದ ಅರಿಕೆ ಮಾಡಿಕೊಳ್ಳುತ್ತೇನೆ.

ತಮ್ಮ ವಿಶ್ವಾಸಿ,
ಹಾಗೂ ಒಂದು ದಿನದ ಮಟ್ಟಿಗೆ ತಮ್ಮ ಮನೆಯಾಕೆ,
ಗುದ್ಲೆಪ್ಪ ಸಿಂಪಿ

ಲಗತ್ತುಗಳು:
೧. ಸಂಘದ ನೋಟೀಸು, ತಂಬಾಕಿನ ಕಲೆ ಸಹಿತ.
೨. ಇಳಕಲ್ ಸೀರೆ: ಲಗತ್ತಿಸಿಲ್ಲ. ಒಗೆದು ಮಡಚಿ ಹೊನ್ನವ್ವನವರ ಕೈಗೇ ಕೊಟ್ಟಿದ್ದೇನೆ. ಅದನ್ನು ಉಟ್ಟುಕೊಂಡೇ ಅವರು ಸಭೆಗೆ ಹೋದದ್ದು.
೩. ದ್ವಾರಪಾಲಕನ ಈಟಿ, ಒಂದು. ಹಿಂತಿರುಗಿಸಿದೆ.

ಪ್ರತಿ: ತಾಲೂಕಿನ ಸಾಹೇಬರಿಗೆ. ಬರೆದು, ತಿಕೀಟು ಹಚ್ಚಿ, ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡಿದ್ದೇನೆ. ಅಂಚೆ ಡಬ್ಬಿ ನನ್ನ ಅಂಗಡಿಯ ಎದುರಿನ ಬೇವಿನ ಗಿಡಕ್ಕೇ ತೂಗು ಹಾಕಿದೆ. ಪಾಡ್ಯದ ತನಕ ತಾವು ಪುರಸೊತ್ತಾಗಿ ವಿಚಾರ ಮಾಡಬಹುದು.