ಮೂವತ್ತು ಸಾವಿರ ವರ್ಷದ ಮೂಲಂಗಿ ವಾಸನೆ

ಮಿತ್ಸುಎ: ಏನ್ರೀ, ನಿಮ್ಮ ಆ ದೇವರು ಈಜಿಪ್ಟಿನ ರಾಜನಿಗೆ ಪಾಠ ಹೇಳಿಕೊಟ್ನಾ? ನಮ್ಮ ಹಿತ್ತಲಲ್ಲಿ?

ಸಾಕುಜಿ: ಹಿತ್ತಲಲ್ಲಲ್ಲ ಕಣೆ, ಹಿತ್ತಲ ಬಂಡೆ ಮೇಲೆ. ನೀನು ಮೂಲಂಗಿ ತೊಳೆದು ಹರಡ್ತೀಯಲ್ಲ, ಅದೇ ಬಂಡೆ. ಲೋಕದ ರಾಜರೆಲ್ಲ ಸಾಲುಗಟ್ಟಿ ಬಂದಿದ್ರಂತೆ.

ಮಿತ್ಸುಎ: ಯಾವ ಬಸ್ಸಲ್ಲಿ? ಹಿಮ ಬಿದ್ರೆ ಕೆಳಗಿನ ಊರಿಂದ ಅಂಚೆಯವನೇ ಬರಲ್ಲ!

ಅಕಿತಾದ ಬೆಟ್ಟಗಳ ನಡುವಿನ ಹಿನೊಸಾವಾ ಎಂಬ ಹಳ್ಳಿ. ಅಲ್ಲಿಯ ಹಿರಾನುಮಾ ಮನೆತನದ ನಡುಮನೆಯಲ್ಲಿ ಬೆಳಗಿನಿಂದ ಗಂಡಹೆಂಡಿರದು ಇದೇ ಪುರಾಣ. ಸಾಕುಜಿಗೆ ಉಗ್ರಾಣದ ಅಟ್ಟದಲ್ಲಿ ಒಂದು ಕಾಗದದ ಸುರುಳಿ ಸಿಕ್ಕಿತ್ತು. ಮೂವತ್ತು ಸಾವಿರ ವರ್ಷದ ಹಿಂದೆ, ಸೂರ್ಯದೇವಿ ಹುಟ್ಟುವುದಕ್ಕೂ ಮೊದಲೇ, ಮೊಟ್ಟಮೊದಲ ದೇವರು ಆಕಾಶದಿಂದ ಇಳಿದದ್ದು ಎಲ್ಲರೂ ಹೇಳುವ ಹಾಗೆ ದಕ್ಷಿಣದ ಬೆಟ್ಟಕ್ಕಲ್ಲ, ಇದೇ ಮನೆಯ ಹಿತ್ತಲಿಗೆ ಎಂದು ಅದರಲ್ಲಿತ್ತು. ಆ ದೇವರ ವಂಶವೇ ಹಿರಾನುಮಾ ವಂಶವಂತೆ. ಅದನ್ನು ನೋಡಲು ಊರ ಮುಖ್ಯಸ್ಥರೂ ಪಟ್ಟಣದ ಪತ್ರಿಕೆಯವರೊಬ್ಬರೂ ಈ ಮಧ್ಯಾಹ್ನ ಬರುವವರಿದ್ದರು.

ಸಾಕುಜಿಯ ಕಣ್ಣಿದ್ದದ್ದು ದೇವರ ಮೇಲಲ್ಲ, ಒಂದು ಮೆತ್ತೆಯ ಮೇಲೆ. ಪಟ ತೂಗುವ ಗೂಡಿನ ಮುಂದೆ ಹಾಸಿದ ಆ ಮೆತ್ತೆ ಮನೆಯ ಹಿರಿತಲೆಯ ಜಾಗ. ನಾಲ್ಕು ಜನ ಸೇರಿದಾಗಲೆಲ್ಲ ಅಲ್ಲಿ ಅವನ ಅತ್ತೆ ಟೊಮೆ ಕೂರುತ್ತಿದ್ದಳು. ಅವನ ಜಾಗ ಬಾಗಿಲ ಪಕ್ಕ, ಥಂಡಿಗಾಳಿ ನೇರ ಬೆನ್ನಿಗೆ ಬಡಿಯುವಲ್ಲಿ. ಬದುಕಿನಲ್ಲಿ ಒಂದೇ ಒಂದು ಸಲ, ಊರ ಮುಖ್ಯಸ್ಥರ ಎದುರಿಗೆ, ಆ ಮೆತ್ತೆಯ ಮೇಲೆ ಕೂರಬೇಕೆಂದು ಅವನ ಜೀವ ಬಾಯಿಬಿಡುತ್ತಿತ್ತು.

ಮಿತ್ಸುಎ ಸುರುಳಿಗೆ ಮೂಗು ಹಚ್ಚಿದಳು.

ಮಿತ್ಸುಎ: ಥೂ, ಹೊಗೆಮೂಲಂಗಿ ಉಪ್ಪಿನಕಾಯಿ ವಾಸನೆ!

ಸಾಕುಜಿ: ಅದು ಪುರಾತನದ ವಾಸನೆ ಕಣೆ. ನಿನಗೇನು ಗೊತ್ತು.

ಮಿತ್ಸುಎ: ಹಂಗಾದ್ರೆ ನನ್ನ ಅಡುಗೆಮನೆ ಪೂರ್ತಿ ಪುರಾತನ. ಇದೇನು ಬರೆದಿದೆ? ‘ದೇವರು ಬಂಡೆಯ ಮೇಲೆ ಇಳಿದು, ಉಸ್ಸಪ್ಪಾ ಎಂದು ಕೂತು, ತಂಬಾಕು ಸೇದಿದನು.’ ರೀ, ತಂಬಾಕು ಬಂದಿದ್ದು ಪರಂಗಿಯೋರ ಹಡಗಲ್ಲಿ. ಮೊನ್ನೆ ಮೊನ್ನೆ!

ಸಾಕುಜಿ: ದೇವರಿಗೆ ಏನು ಸಿಗಲ್ಲ?

ಟೊಮೆ ಅಡಿಯಲ್ಲಿ ಕೆಂಡವಿಟ್ಟು ಮೇಲೆ ರಜಾಯಿ ಹೊದಿಸಿದ ಗಿಡ್ಡ ಮೇಜಿನ ಕೆಳಗೆ ಕಾಲು ಚಾಚಿಕೊಂಡು ತೂಕಡಿಸುತ್ತಿದ್ದಳು. ಈಗ ಒಂದು ಕಣ್ಣು ತೆರೆದಳು.

ಟೊಮೆ: ಅಳಿಯಂದ್ರೇ, ಆಮೇಲೇನಾಯ್ತು? ಓದಿ.

ಸಾಕುಜಿ: ಆಮೇಲೆ... ಅಕ್ಷರ ಅಳಿಸಿಹೋಗಿದೆ ಅತ್ತೆ.

ಮಿತ್ಸುಎ: ಎಲ್ಲಿ ಅಳಿಸಿದೆ? ದುಂಡಗೆ ಕಾಣ್ತಿದೆ. ‘ಆಗ ಒಂದು ಘಟಸರ್ಪ ಬಂದು ದೇವರ ಅತ್ತೆಯನ್ನು ನುಂಗಿತು. ದೇವರು ಇನ್ನೊಂದು ಸಲ ತಂಬಾಕು ಸೇದಿದನು.’

ಸಾಕುಜಿ: ಅದು ನೀವಲ್ಲ ಅತ್ತೆ! ಬೇರೆ ಅತ್ತೆ! ಬಹಳ ಹಿಂದಿನೋರು!

ಟೊಮೆ: ಕಾಲಿಂದ ನುಂಗ್ತೋ, ತಲೆಯಿಂದಲೋ?

ಸಾಕುಜಿ: ಅಷ್ಟು ವಿವರ ಕೊಟ್ಟಿಲ್ಲ ಅತ್ತೆ.

ಟೊಮೆ: ತಲೆಯಿಂದಾದ್ರೆ ಒಳ್ಳೇದು. ಕೂಗಾಟ ಇರಲ್ಲ.

ಮಾತು ಎತ್ತಲೋ ಹೋಗುತ್ತಿದೆ ಎಂದು ಸಾಕುಜಿ ಗಂಟಲು ಸರಿಮಾಡಿಕೊಂಡ.

ಸಾಕುಜಿ: ವಿಷಯ ಅತ್ತೆಯದ್ದಲ್ಲ, ರಕ್ತದ್ದು. ಇಷ್ಟು ದೊಡ್ಡ ದೇವರ ವಂಶದೋನು ಬಾಗಿಲ ಹತ್ರ ಕೂತ್ರೆ ಬಂದೋರು ಏನಂದ್ಕೋತಾರೆ? ಇವತ್ತು ಆ ಮೆತ್ತೆ ಮೇಲೆ ನಾನು ಕೂರೋನೇ.

ಮಿತ್ಸುಎ: ಯಾರ ರಕ್ತ?

ಸಾಕುಜಿ: ಹಿರಾನುಮಾ ರಕ್ತ! ಒಂದು ತೊಟ್ಟೂ ಬೆರಕೆ ಇಲ್ಲ!

ಮಿತ್ಸುಎ: ಮತ್ತೆ ನೀವು?

ಸಾಕುಜಿ: ನಾನೂ ಹಿರಾ...

ಸಾಕುಜಿ ಕೆಳಗಿನ ಊರಿನ ತೋಫು ಮಾಡುವವರ ಎರಡನೆಯ ಮಗ. ಗಂಡುಮಕ್ಕಳಿಲ್ಲದ ಈ ಮನೆಗೆ ತನ್ನ ಮನೆತನದ ಹೆಸರು ಬಿಟ್ಟು ಮನೆ ಅಳಿಯನಾಗಿ ಬಂದವನು. ಮೂರು ಪಾವು ತೌಡಿದ್ದರೂ ಮನೆ ಅಳಿಯನಾಗಿ ಹೋಗಬೇಡ ಎಂದು ಆ ಕಡೆ ಗಾದೆಯೇ ಇದೆ. ಅವನ ಅಪ್ಪನ ಮನೆಯಲ್ಲಿ ತೌಡಿಗೂ ಗತಿಯಿರಲಿಲ್ಲ.

ಮಿತ್ಸುಎ ಎದ್ದಳು, ಸೊಂಟಪಟ್ಟಿ ಸರಿಮಾಡಿಕೊಂಡಳು, ಸೀದಾ ಹೋಗಿ ಆ ಮೆತ್ತೆಯ ಮೇಲೆ ಕೂತಳು.

ಮಿತ್ಸುಎ: ನಂದೇ ತಪ್ಪು ರೀ. ಇದು ಅಪ್ಪಟ ಗ್ರಂಥ. ಹೋಗಿ, ದೇವರ ವಂಶದೋಳಿಗೆ ಒಂದು ಬಟ್ಟಲು ಟೀ ತನ್ನಿ.

ಸಾಕುಜಿ: ಇದು ಖೋಟಾ! ಹಸೀ ಖೋಟಾ! ಆ ಕಾಲದಲ್ಲಿ ತಂಬಾಕೆಲ್ಲಿತ್ತು?

ಮಿತ್ಸುಎ: ದೇವರಿಗೆ ಏನು ಸಿಗಲ್ಲ?

ಸಾಕುಜಿ: ಈಜಿಪ್ಟಿನೋರು ಹಿಮದಲ್ಲಿ ಹೆಂಗೆ ಬಂದ್ರು ಮತ್ತೆ?

ಮಿತ್ಸುಎ: ನಡಕೊಂಡು ಬಂದ್ರು. ಅವರಿಗೆ ಭಕ್ತಿ ಇತ್ತು, ನಿಮಗಿಲ್ಲ.

ಸಾಕುಜಿ: ಮೂಲಂಗಿ ವಾಸನೆ?

ಮಿತ್ಸುಎ: ಪುರಾತನದ ವಾಸನೆ!

ಟೊಮೆಗೆ ನಗು ತಡೆಯಲಾಗಲಿಲ್ಲ. ಕಟ್ಟಿಸಿದ ಹಲ್ಲು ಜಾರಿ ಟೀ ಬಟ್ಟಲಿಗೆ ಬೀಳುವುದರಲ್ಲಿತ್ತು.

ಟೊಮೆ: ಸಾಕು ಮಾಡ್ರೋ! ಅದನ್ನ ಬರೆದೋರು ನಿಮ್ಮಪ್ಪ ಕಣೆ ಮಿತ್ಸುಎ. ಒಂದು ಚಳಿಗಾಲ ಪೂರ್ತಿ ಉಗ್ರಾಣದಲ್ಲಿ ಕೂತು ಗೀಚಿದ್ರು. ಹಳೇದು ಕಾಣ್ಲಿ ಅಂತ ಮೂಲಂಗಿ ಜತೆ ಒಲೆ ಮೇಲೆ ಹೊಗೆಗೆ ಕಟ್ಟಿದ್ರು.

ಮಿತ್ಸುಎ: ಅಪ್ಪಾನಾ? ಅವರಿಗ್ಯಾಕೆ ಬೇಕಿತ್ತು ಇದು?

ಟೊಮೆ: ಅವರೂ ಮನೆ ಅಳಿಯನೇ ಅಲ್ವಾ? ಬಾಗಿಲ ಹತ್ರ ಚಳಿ ಅಂತ ಬಾಯಿಬಿಟ್ಟು ಹೇಳೋ ಹಂಗಿರಲಿಲ್ಲ. ನಮ್ಮಮ್ಮ ಅಂದ್ರೆ ಹುಲಿ.

ಸಾಕುಜಿ: ಹಂಗಾದ್ರೆ ಆ ಸರ್ಪ ನುಂಗಿದ್ದು...

ಟೊಮೆ: ನಮ್ಮಮ್ಮನ್ನೇ. ಬರೆದಷ್ಟನ್ನ ನನಗೆ ಓದಿ ಹೇಳೋರು. ಸರ್ಪ ಸಣ್ಣದಾಯ್ತು, ಒಂಚೂರು ದೊಡ್ಡದು ಮಾಡಿ ಅಂದೋಳು ನಾನೇ.

ಸಾಕುಜಿ: ಆ ದೇವರೂ ಅತ್ತೆ ಮನೇಲಿ ಇದ್ದೋನು! ಅಯ್ಯೋ, ದೇವರೇ ಮನೆ ಅಳಿಯ!

ಟೊಮೆ: ಕೊನೇ ಸಾಲು ನೋಡಿ. ‘ಆಗ ದೇವರು ಮನೆಯೊಳಗೆ ಬಂದು’ ಅಂತ ನಿಂತಿದೆ. ಎಲ್ಲಿ ಕೂತ ಅಂತ ಬರೆಯೋಕೆ ಅವರಿಗೆ ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಹಿಮ ಕರಗಿ ಗದ್ದೆ ಕೆಲಸ ಶುರುವಾಯ್ತು.

ಸಾಕುಜಿ ತನ್ನ ಮಾವನನ್ನು ಫೋಟೋದಲ್ಲಿ ಮಾತ್ರ ಕಂಡಿದ್ದ. ಎಂದೂ ಇಲ್ಲದ್ದು, ಈಗ ಆ ಮನುಷ್ಯನ ಮೇಲೆ ಒಡಹುಟ್ಟಿದವನ ಮೇಲೆ ಬರುವಂಥ ಪ್ರೀತಿ ಉಕ್ಕಿಬಂತು. ಅಷ್ಟರಲ್ಲಿ ಹೊರಗೆ ಕಾರಿನ ಹಾರ್ನ್ ಕೇಳಿಸಿತು.

ಮಿತ್ಸುಎ: ಬಂದೇಬಿಟ್ರು! ಅವರಿಗೀಗ ಏನಂತ ಹೇಳ್ತೀರಿ?

ಸಾಕುಜಿ ಮಸಿಗಡ್ಡಿಯನ್ನು ನೀರು ಬಿಟ್ಟ ಕಲ್ಲಿನ ಮೇಲೆ ಗಸಗಸ ತೇದು, ಕುಂಚ ಅದ್ದಿ, ಸುರುಳಿಯ ಕೊನೆಯಲ್ಲಿ ಬರಬರನೆ ಬರೆದ.

ಟೊಮೆ: ಏನು ಬರೆದ್ರಿ ಅಳಿಯಂದ್ರೇ?

ಸಾಕುಜಿ: ‘ಆಗ ದೇವರು ಮನೆಯೊಳಗೆ ಬಂದು, ಪಟದ ಗೂಡಿನ ಮುಂದಿನ ಮೆತ್ತೆಯ ಮೇಲೆ ಕೂತನು. ದೇವರ ಹೆಂಡತಿ ಮೆತ್ತೆ ಬಿಟ್ಟು ಎದ್ದು ಟೀ ತರಲು ಹೋದಳು.’

ಟೊಮೆ: ಅಂತೂ ನಮ್ಮನೆಯೋರು ಕೂತ್ರಲ್ಲ, ಪಾಪ.

ಮುದುಕಿ ತೋಳಿನಿಂದ ಕಣ್ಣೊರೆಸಿಕೊಂಡಳು. ಹೊರಗೆ ಊರ ಮುಖ್ಯಸ್ಥರು ಬೂಟಿನ ಹಿಮ ಕೊಡವುವ ಸದ್ದು.

ಮಿತ್ಸುಎ: ಏನ್ರೀ ಅನ್ಯಾಯ! ನಾನ್ಯಾಕೆ ಏಳಬೇಕು?

ಸಾಕುಜಿ ಹಸಿ ಅಕ್ಷರಗಳನ್ನು ಅಗ್ಗಷ್ಟಿಕೆಯ ಹೊಗೆಗೆ ಹಿಡಿದು ಉಫ್ ಉಫ್ ಎಂದು ಊದುತ್ತಿದ್ದ.

ಸಾಕುಜಿ: ನನ್ನ ಕೇಳಿದ್ರೆ ನಾನೇನು ಮಾಡ್ಲಿ? ಮೂವತ್ತು ಸಾವಿರ ವರ್ಷದಿಂದ ನಡಕೊಂಡು ಬಂದಿರೋ ಪದ್ಧತಿ!