ಮಾವನವರ ಮೂರು ಅಕ್ಷರ

ಗೊತ್ತಿಲ್ಲದ್ದನ್ನು ಗೊತ್ತಿದೆಯೆಂದು ನಟಿಸುವುದು ಸುಲಭ. ಕಚೇರಿಯಲ್ಲಿ ಗುಮಾಸ್ತನಾಗಿದ್ದ ನನಗೆ ಅದು ಹೊಟ್ಟೆಪಾಡಿನ ವಿದ್ಯೆ. ಆದರೆ ಗೊತ್ತಿರುವುದನ್ನು ಗೊತ್ತಿಲ್ಲವೆಂದು ನಟಿಸುವುದಿದೆಯಲ್ಲ, ಅದು ಕಷ್ಟ. ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಬೇಕು, ತಾರಸಿ ನೋಡಬೇಕು, ತಲೆ ಕೆರೆದುಕೊಳ್ಳಬೇಕು, ಕೊನೆಗೆ ಬೇರೆಯವರು ಅದನ್ನೇ ಹೇಳಿದಾಗ ‘ಅರೆ, ಹೌದಲ್ಲ’ ಎಂದು ಬೆರಗಾಗಬೇಕು. ಈ ಕಲೆಯನ್ನು ನಾನು ಕಲಿತದ್ದು ಸರಸ್ವತಿಪುರದಲ್ಲಿದ್ದ ಮಾವನವರ ಮನೆಯ ಜಗಲಿಯ ಮೇಲೆ. ಕಲಿಸಿದವಳು ನನ್ನ ಹೆಂಡತಿ ಸರೋಜ. ಅವಳು ನನಗೆ ಕಲಿಸಲು ಹೊರಟು ಯಶಸ್ವಿಯಾದ ವಿದ್ಯೆ ಅದೊಂದೇ ಎಂದು ಅವಳೇ ಹೇಳುತ್ತಾಳೆ.

ಮಾವನವರು ರೈಲ್ವೆ ಕಚೇರಿಯಿಂದ ನಿವೃತ್ತರಾದವರು. ಇಂಗ್ಲಿಷೆಂದರೆ ಪ್ರಾಣ. ಕೆಲಸದಲ್ಲಿದ್ದಾಗ ದಿನವಿಡೀ ಆ ಭಾಷೆಯಲ್ಲಿ ಕಾಗದ ಬರೆದು ಬರೆದು ಅಭ್ಯಾಸವಾಗಿದ್ದ ಕೈ, ನಿವೃತ್ತಿಯ ಮೇಲೆ ತರಕಾರಿ ಚೀಲ ಹಿಡಿಯುವುದಕ್ಕೆ ಒಗ್ಗಲಿಲ್ಲ. ಅದಕ್ಕೇ ಒಂದು ಆಟ ಕಟ್ಟಿಕೊಂಡಿದ್ದರು. ಮೂರು ಇಂಗ್ಲಿಷ್ ಅಕ್ಷರ ಹೇಳುವರು. ಆ ಮೂರೂ ಅದೇ ಕ್ರಮದಲ್ಲಿ ಬರುವ ಪದವೊಂದನ್ನು ಹುಡುಕಬೇಕು, ನಡುವೆ ಬೇರೆ ಎಷ್ಟು ಅಕ್ಷರವಾದರೂ ಇರಲಿ. ಮೊದಲು ಹೇಳಿದವರು ಗೆದ್ದಂತೆ. ಆಗ ನಮ್ಮ ಕಡೆಯ ಕಾರು, ಲಾರಿಗಳ ನಂಬರೆಲ್ಲ ಎಂ, ವೈ ಎಂದೇ ಶುರುವಾಗುತ್ತಿತ್ತು, ಮೂರನೆಯ ಅಕ್ಷರ ಮಾತ್ರ ಬೇರೆ. ಬೆತ್ತದ ಕುರ್ಚಿಯಲ್ಲಿ ಕುಳಿತು ದಾರಿ ಕಾಯುವರು. ಆ ಬಡಾವಣೆಯಲ್ಲಿ ಇನ್ನೂ ಖಾಲಿ ನಿವೇಶನಗಳೇ ಹೆಚ್ಚು. ಕಾರಿಗಿಂತ ಎಮ್ಮೆಗಳೇ ಜಾಸ್ತಿ ಹೋಗುತ್ತಿದ್ದವು, ಎಮ್ಮೆಗೆ ನಂಬರಿಲ್ಲ. ಹಾಗಾಗಿ ಬಹಳ ಸಲ ಅಕ್ಷರಗಳನ್ನು ಅವರೇ ಹುಟ್ಟಿಸಿಕೊಳ್ಳುತ್ತಿದ್ದರು.

ಮದುವೆಯಾದ ವರ್ಷದ ದೀಪಾವಳಿಗೆ ಅಳಿಯನನ್ನು ಕರೆದರು. ಎಣ್ಣೆ ನೀರಾಯಿತು, ಹೊಸ ಪಂಚೆ ಉಟ್ಟಿದ್ದಾಯಿತು. ಊಟಕ್ಕೆ ಕಾಯುತ್ತ ಜಗಲಿಯಲ್ಲಿ ಕುಳಿತಿದ್ದಾಗ ಒಂದು ಕಾರು ಹೋಯಿತು. “ಎಂ, ವೈ, ಇ” ಎಂದರು ಮಾವನವರು. ಗುಮಾಸ್ತನ ಬಾಯಲ್ಲಿ ಇನ್ನೇನು ಬಂದೀತು, ‘ಎಂಪ್ಲಾಯೀ’ ಎಂದುಬಿಟ್ಟೆ. ಅವರು ಕುರ್ಚಿಯಲ್ಲಿ ನೆಟ್ಟಗಾದರು. ಎಕ್ಸ್, ವೈ, ಎನ್ ಎಂದರು. ‘ಆಕ್ಸಿಜನ್’ ಎಂದೆ. ಕೆ, ಎಚ್, ಎನ್ ಎಂದರು. ಒಳಗಿಂದ ಹೋಳಿಗೆ ಬೇಯುವ ಪರಿಮಳ ಬರುತ್ತಿತ್ತು, ‘ಕಿಚನ್’ ಹೊಳೆಯುವುದಕ್ಕೆ ಬಿ.ಎ. ಬೇಕಿರಲಿಲ್ಲ. ಇಂಥ ಅಳಿಯ ಸಿಕ್ಕಿದ್ದಕ್ಕೆ ಮಾವ ಬೀಗುತ್ತಿರಬೇಕು ಎಂದು ನಾನು ಬೀಗಿದೆ. ಆದರೆ ಅವರು ಆಮೇಲೆ ಮಾತೇ ಆಡಲಿಲ್ಲ. ಎಲೆಯ ಮುಂದೆ ಕುಳಿತಾಗಲೂ ನನ್ನನ್ನು ಒಂದು ಥರ ನೋಡುವುದು, ತಮ್ಮಲ್ಲೇ ಗೊಣಗಿಕೊಳ್ಳುವುದು. ಕೈ ತೊಳೆದವರೇ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಸರೋಜ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. “ಈ ಮನೇಲಿ ಗೆಲ್ಲೋರು ಅಪ್ಪ ಕಣ್ರೀ. ನಿಮಗ್ಯಾರು ಹೇಳಿ ಅಂದ್ರು?” ಎಂದಳು. ಕೆಲಸ ಬಿಟ್ಟ ಮೇಲೆ ಅವರನ್ನು ಯಾರೂ ಏನೂ ಕೇಳುವುದಿಲ್ಲವಂತೆ. ಇದೊಂದರಲ್ಲಾದರೂ ಗೆಲ್ಲಲಿ ಎಂದು ಅವಳೂ ಅವಳಮ್ಮನೂ ಒಪ್ಪಂದ ಮಾಡಿಕೊಂಡಿದ್ದರಂತೆ. ಜೊತೆಗೆ ರಕ್ತದೊತ್ತಡ ಬೇರೆ. ಹೊಸ ಅಳಿಯ ಬಂದ ಮೊದಲ ಹಬ್ಬದಲ್ಲೇ ಮಾವನ ಎದೆ ಒಡೆದ ಎಂದು ನೆಂಟರು ಆಡಿಕೊಂಡರೆ ಗತಿಯೇನು? ಆ ಮನೆಯಲ್ಲಿ ನನಗೆ ಮುಂದೆ ಮರ್ಯಾದೆ ಸಿಗಬೇಕಾದರೆ ಬಾಯಿ ಮುಚ್ಚಿಕೊಂಡಿರಬೇಕೆಂಬುದು ಅರ್ಥವಾಯಿತು. ಸಾಯಂಕಾಲ ಮಾವನವರು ಹೊರಗೆ ಬಂದು ಮೂರು ಅಕ್ಷರ ಹೇಳಿದಾಗ ನಾನು ತಾರಸಿ ನೋಡಿದೆ.

ಅಲ್ಲಿಂದ ಮುಂದೆ ಎಷ್ಟೋ ವರ್ಷ ಪ್ರತಿ ಭಾನುವಾರ ತಾರಸಿ ನೋಡಿದ್ದೇ ನೋಡಿದ್ದು. ಕ್ಯಾರಿಯರ್ ಮೇಲೆ ಸರೋಜಳನ್ನು ಕೂರಿಸಿಕೊಂಡು ಸೈಕಲ್ ತುಳಿದು ಹೋಗುವುದು, ಅತ್ತೆ ಕೊಟ್ಟ ಕಾಫಿ ಕುಡಿಯುವುದು, ಸೋಲುವುದು. ಆ ಭಾನುವಾರಗಳನ್ನು ನೆನೆದರೆ ಈಗಲೂ ಜೀವ ಹಿಗ್ಗುತ್ತದೆ. ಅತ್ತೆಯ ಇಂಗ್ಲಿಷು ‘ಟಿಕೆಟ್ಟು’, ‘ಸ್ಟೇಷನ್ನು’ಗಳನ್ನು ದಾಟಿರಲಿಲ್ಲ. ಆದರೂ ಗೊತ್ತಿದ್ದೂ ಹೇಳದವರ ಹಾಗೆ ಸೆರಗು ಬಾಯಿಗೆ ಒತ್ತಿಕೊಂಡು ನಿಲ್ಲುವರು. ಸರೋಜ ಪ್ರತಿ ಸಲವೂ ಒಂದೇ ಥರ ನಿಟ್ಟುಸಿರು ಬಿಡುವಳು, ಅದರಲ್ಲಿ ಕಲೆಯಿರಲಿಲ್ಲ. ನಾನು ಮಾತ್ರ ಬಗೆಬಗೆಯಾಗಿ ಸೋಲುತ್ತಿದ್ದೆ. ಒಮ್ಮೊಮ್ಮೆ ಬೇಕೆಂದೇ ತಪ್ಪು ಪದ ಹೇಳಿ ನಾಲಿಗೆ ಕಚ್ಚಿಕೊಳ್ಳುತ್ತಿದ್ದೆ. ಮಾವನ ನೆಮ್ಮದಿಗಾಗಿ ನನ್ನ ಬುದ್ಧಿಯನ್ನೇ ಒತ್ತೆಯಿಟ್ಟಿದ್ದೇನೆ ಎಂದು ಕಚೇರಿಯಲ್ಲಿ ಎಲ್ಲರ ಹತ್ತಿರವೂ ಹೇಳಿಕೊಂಡಿದ್ದೆ. ಅವರಲ್ಲಿ ಕೆಲವರು ನನ್ನ ತ್ಯಾಗವನ್ನು ಮೆಚ್ಚಿದ್ದೂ ಉಂಟು.

ಹೀಗಿರುವಾಗ ಮಾವನವರು ಆಟ ನಿಲ್ಲಿಸಿಬಿಟ್ಟರು. ಭಾನುವಾರ ಹೋದರೆ ಕುರ್ಚಿಯಲ್ಲಿ ಸುಮ್ಮನೆ ಕುಳಿತಿರುವರು. ಕಾರು ಹೋದರೂ ತಲೆಯೆತ್ತಿ ನೋಡರು. ಊಟ ಕಡಿಮೆಯಾಯಿತು. ಡಾಕ್ಟರು ಬಂದು ಮೈಯಲ್ಲೇನೂ ಕಾಯಿಲೆಯಿಲ್ಲ ಎಂದ ಮೇಲೆ ಅತ್ತೆಗೆ ಭಯ ಇನ್ನೂ ಹೆಚ್ಚಾಯಿತು. ನೀವೇ ಏನಾದರೂ ಮಾತಾಡಿಸಿ ಎಂದು ನನ್ನನ್ನು ಜಗಲಿಗೆ ಕಳಿಸಿದರು. ಪಕ್ಕದಲ್ಲಿ ಕುಳಿತು, ಮಾವ, ಮೂರು ಅಕ್ಷರ ಹೇಳಿ ಎಂದೆ.

“ಸಾಕು ಬಿಡಿ ಅಳಿಯಂದಿರೇ. ಒಬ್ಬನೇ ಎಷ್ಟು ಅಂತ ಆಡ್ಲಿ?” ಎಂದರು.

ನಾವೆಲ್ಲ ಇದ್ದೇವಲ್ಲ ಎಂದೆ.

“ಇದ್ದೀರಿ, ಬಾಯಿ ಮುಚ್ಕೊಂಡು. ನಂಗೆ ಅಷ್ಟೂ ಗೊತ್ತಾಗೋಲ್ವೇ? ಆ ಮೊದಲ್ನೇ ದೀಪಾವಳೀಲಿ ನೀವು ಪಟಪಟಾಂತ ಹೇಳಿದ್ರಲ್ಲ, ಸದ್ಯ, ಈ ಮನೆಗೊಬ್ಬ ಆಡೋನು ಬಂದ ಅಂತ ಎಷ್ಟು ಖುಷಿಯಾಗಿತ್ತು. ಉಣ್ತಾ ಉಣ್ತಾನೇ ನಿಮ್ಮನ್ನ ಸೋಲ್ಸೋಕೆ ಅಕ್ಷರ ಹುಡುಕ್ತಿದ್ದೆ. ಬಾಗ್ಲು ಹಾಕ್ಕೊಂಡು ಡಿಕ್ಷನರಿ ತಿರುವಿ ಹಾಕ್ದೆ. ಸಾಯಂಕಾಲ ಬಂದು ನೋಡಿದ್ರೆ ನೀವೂ ಇವರ ಥರಾನೇ ಆಗ್ಬುಟ್ಟಿದ್ರಿ.”

ಗೌರವ, ಗೌರವ ಎಂದುಕೊಂಡು ನಾವೆಲ್ಲ ಸೇರಿ ಅವರನ್ನು ಇಷ್ಟು ವರ್ಷ ಒಂಟಿಯಾಗಿ ಕೂರಿಸಿದ್ದೆವು. ತುಂಬ ಸಂಕಟವಾಯಿತು. ಇನ್ನು ಮೇಲೆ ನಟಿಸುವುದಿಲ್ಲ, ಆಣೆಗೂ ನಿಜವಾಗಿ ಆಡುತ್ತೇನೆ ಎಂದೆ. ಮಾವನವರು ಬಹಳ ಹೊತ್ತು ಯೋಚಿಸಿ ಡಬ್ಲ್ಯು, ಕೆ, ಡಬ್ಲ್ಯು ಎಂದರು.

ಪಾಪ, ಮುದುಕರಿಗೆ ಬೇಜಾರಾಗದಂತೆ ಸ್ವಲ್ಪ ತಡೆದು ಗೆಲ್ಲೋಣ ಎಂದುಕೊಂಡೆ. ತಡೆದೆ. ಏನೂ ಬರಲಿಲ್ಲ. ಕಣ್ಣು ಮುಚ್ಚಿದೆ. ಕೆ ಅಕ್ಷರದ ಎರಡು ಪಕ್ಕದಲ್ಲೂ ಡಬ್ಲ್ಯು ಬರುವ ಪದ ದೇವರಾಣೆಗೂ ಹೊಳೆಯಲಿಲ್ಲ. ಕಾಫಿ ಬಂತು, ಆರಿತು. ಮಾವನವರ ಮುಖ ಕೆಂಪಾಯಿತು. ಮತ್ತೆ ಅದೇ ನಾಟಕ ಶುರುವಾಯಿತಲ್ಲ ಎಂದು ರೇಗಿದರು. ಬಾಗಿಲಲ್ಲಿ ನಿಂತಿದ್ದ ಸರೋಜ, ಇನ್ನಾದರೂ ಹೇಳಿಬಿಡಿ ಎಂದು ಕಣ್ಣಲ್ಲೇ ಬೇಡಿಕೊಂಡಳು. ಇಲ್ಲ ಮಾವ, ನಿಜವಾಗಿಯೂ ಗೊತ್ತಿಲ್ಲ ಎಂದರೆ ನಂಬುವವರೇ ಇಲ್ಲ. ಅಷ್ಟು ವರ್ಷ ಅಷ್ಟು ಚೆನ್ನಾಗಿ ನಟಿಸಿದ್ದೆ. ಬೆವರು ಹಣೆಯಿಂದ ಇಳಿಯತೊಡಗಿತು.

ಮಾವನವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನನ್ನ ಮುಖದ ಹತ್ತಿರಕ್ಕೇ ಬಗ್ಗಿ ನೋಡಿದರು. ‘ಆಕ್ವರ್ಡ್’ ಎಂದರು ಮೆಲ್ಲಗೆ. ಪದ ಕೇಳಿದ ಮೇಲೂ ಅಕ್ಷರ ಕೂಡಿಸಿ ನೋಡಲು ನಾನು ಬೆರಳು ಮಡಿಚುತ್ತಿರುವುದನ್ನು ಕಂಡು ಅವರಿಗೆ ನಂಬಿಕೆ ಬಂತು. ಎಷ್ಟೋ ದಿನಗಳಿಂದ ನಗದಿದ್ದ ಮುಖದ ತುಂಬ ನಗೆ ಹರಡಿತು. ಒಳಗಿದ್ದ ಅತ್ತೆಗೂ ಕೇಳುವಂತೆ ಮಗಳನ್ನು ಕೂಗಿದರು.

“ಸರೋಜಾ, ಬಾಮ್ಮ ಇಲ್ಲಿ. ನಿನ್ನ ಗಂಡಂಗೆ ನಿಜವಾಗ್ಲೂ ಗೊತ್ತಿಲ್ಲ ಕಣಮ್ಮ.”