ಗಂಗೂನ ನಡತೆಗೆ ನಾನು ಹೇಳಿದ ಸಾಕ್ಷಿ

ಸಂಬಂಧ ಕೂಡಿಸಲು ನೂರು ಜನ ಬೇಕು. ಮುರಿಯಲು ಒಬ್ಬ ಸಾಕು. ಆ ಒಬ್ಬನಾಗುವ ಯೋಗ್ಯತೆ ನನಗಿದೆ ಎಂದು ನಂಬಿದ್ದೆ. ನನ್ನ ಓದು ಮೂರನೆಯ ಇಯತ್ತೆಗೇ ಮುಗಿದಿತ್ತು. ಇಂಡಿ ಊರಿನ ಬಸ್ ನಿಲ್ದಾಣದ ಹತ್ತಿರ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದೆ. ಟ್ಯೂಬಿನ ತೂತು ಹುಡುಕಿದಷ್ಟೇ ಸಲೀಸಾಗಿ ಮನುಷ್ಯರನ್ನೂ ತಿಳಿಯಬಲ್ಲೆ ಎಂಬ ಹೆಮ್ಮೆ ಬೇರೆ.

ನನ್ನ ತಂಗಿ ಗಂಗೂ ಓದಿದವಳು. ಸೊಲ್ಲಾಪುರದಲ್ಲಿ ನರ್ಸ್ ಕೆಲಸ ಕಲಿತು ಸಿಂದಗಿಯ ದವಾಖಾನೆಯಲ್ಲಿದ್ದಳು. ಇಂಗ್ಲೆಂಡಿನ ಆಸ್ಪತ್ರೆಯೊಂದು ಅವಳನ್ನು ಕೆಲಸಕ್ಕೆ ಕರೆದಿತ್ತು. ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದಳು. ಅದು ಬಂದರೆ ಹಡಗು ಹತ್ತುವುದೇ ಬಾಕಿ. ಅಷ್ಟರಲ್ಲಿ ಮುದ್ದೇಬಿಹಾಳದ ದೊಡ್ಡ ಮನೆತನವೊಂದು ಅವಳ ಮೇಲೆ ಕಣ್ಣಿಟ್ಟಿದೆ ಎಂಬ ಸುದ್ದಿ ಬಂತು. ಅವ್ವ ಒಲೆಯ ಮುಂದೆ ಕುಳಿತೇ ತೀರ್ಪು ಕೊಟ್ಟಳು.

“ಬಂದ ಸಂಬಂಧ ಒದ್ದು ಸಮುದ್ರ ದಾಟೂದು ಬ್ಯಾಡ. ಅವರು ಹೂಂ ಅಂದ್ರ ಲಗ್ನಾನ ಮಾಡೂದು.”

ರಜೆಯ ಮೇಲೆ ಊರಿಗೆ ಬಂದಿದ್ದ ಗಂಗೂ ನನ್ನನ್ನು ಹಿತ್ತಲಿಗೆ ಕರೆದಳು.

“ಅಣ್ಣಾ, ಅವರು ಹೂಂ ಅನಬಾರದು. ಏನರ ಮಾಡು.”

“ನೀ ಅರಾಮ ಇರು. ಅವರು ಇಂಡಿ ದಾರೀನ ಮರೀಬೇಕು, ಹಂಗ ಮಾಡ್ತೇನಿ.”

ನಮ್ಮ ಕಡೆ ಹೆಣ್ಣು ನೋಡಲು ಬರುವ ಮುಂಚೆ ಗಂಡಿನವರು ಯಾರನ್ನಾದರೂ ಗುಟ್ಟಾಗಿ ಕಳಿಸುತ್ತಾರೆ. ಆತ ಎತ್ತು ಕೊಳ್ಳಲು ಬಂದವನಂತೆ ಕುಳಿತು, ಮಾತಿನ ನಡುವೆ ಹುಡುಗಿಯ ನಡತೆ ವಿಚಾರಿಸುತ್ತಾನೆ. ಅಂಥವನಿಗಾಗಿ ಕಾದೆ. ಬಂದೇ ಬಂದ. ಬಿಳಿ ಧೋತರ, ಕರಿ ಟೊಪ್ಪಿಗೆ, ಹುರಿ ಮಾಡಿದ ಮೀಸೆ, ಗಾಳಿ ಹೋದ ಸೈಕಲ್ಲು.

“ಇಲ್ಲೆ ಗಂಗವ್ವ ಅಂತ ಒಬ್ಬಾಕಿ ನರ್ಸಬಾಯಿ ಅದಾಳಂತಲ್ಲ, ಹೆಂಗ ಹುಡುಗಿ?”

ನಾನು ಅವಳ ಅಣ್ಣನೆಂದು ಹೇಳಲಿಲ್ಲ. ನಿಷ್ಪಕ್ಷಪಾತ ಸಾಕ್ಷಿಗೆ ಬೆಲೆ ಹೆಚ್ಚು.

“ಕೇಳಬ್ಯಾಡ್ರಿ,” ಎಂದು ಟ್ಯೂಬನ್ನು ನೀರಿಗೆ ಅದ್ದಿದೆ. “ಸಿಟ್ಟು ಬಂದ್ರ ಕೈಗೆ ಸಿಕ್ಕಿದ್ದು ಒಗೀತಾಳ. ಹಿರ್ಯಾರು ಅನ್ನೂದಿಲ್ಲ, ಕಿರ್ಯಾರು ಅನ್ನೂದಿಲ್ಲ.”

“ವಯಸ್ಸು?”

“ಇಪ್ಪತ್ನಾಲ್ಕು ಅಂತ ಬರಸ್ಯಾರ. ಆಕಿಗಿಂತ ಸಣ್ಣಾಂವ ನಾ. ನನ್ನ ಮಾರಿ ನೋಡ್ರಿ.”

ಆಗಲೇ ನನ್ನ ಅರ್ಧ ತಲೆ ಬೋಳಾಗಿತ್ತು. ಆತ ನೋಡಿದ.

“ಜಗಳಾ, ಪೋಲೀಸ್ ಭಾನಗಡಿ ಏನರ ಅದಾವೇನು?”

ಅವನೇ ದಾರಿ ಮಾಡಿಕೊಟ್ಟ ಮೇಲೆ ಸಣ್ಣ ಉತ್ತರ ಕೊಡುವುದು ಮರ್ಯಾದೆಯಲ್ಲ.

“ಒಮ್ಮೆ ಪೋಲೀಸಪ್ಪನ ಕಪಾಳಕ್ಕ ಬಿಟ್ಟಾಳ್ರಿ.”

ಅವನ ಮೀಸೆ ಅಲುಗಿತು. “ಯಾವ ಪೋಲೀಸಗ?”

“ಹೊಡಿಸಿಕೊಂಡಾಂವ ಹೆಸರು ಹೇಳ್ತಾನೇನ್ರಿ?”

ಇಷ್ಟಕ್ಕೇ ಬಿಡಬಹುದಿತ್ತು. ಆದರೆ ಎದುರಿನ ಚಹಾದಂಗಡಿಯ ಗೆಳೆಯ ಮೌಲಾಸಾಬನಿಗೆ ಮೊದಲೇ ಪಾಠ ಹೇಳಿಟ್ಟಿದ್ದೆ, ಅದು ವ್ಯರ್ಥವಾಗಬಾರದು. “ಸುಳ್ಳನಸಿದ್ರ ಅವನ್ನ ಕೇಳ್ರಿ” ಎಂದು ಅತ್ತ ಕಳಿಸಿದೆ. ಮೌಲಾಸಾಬ ಗೆಳೆತನದಲ್ಲಿ ಜಿಪುಣನಲ್ಲ. ಹೊಡೆದದ್ದು ಒಮ್ಮೆಯಲ್ಲ, ಎರಡು ಸಲ ಎಂದನಂತೆ.

ಮಧ್ಯಾಹ್ನ ಊಟಕ್ಕೆ ಕುಳಿತು ನನ್ನ ವಿಜಯವನ್ನು ವರ್ಣಿಸಿದೆ. ಗಂಗೂ ಬಿದ್ದು ಬಿದ್ದು ನಕ್ಕಳು. ನನ್ನ ಹೆಂಡತಿ ಕಸ್ತೂರಿ ಮಾತ್ರ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಆತನ ಕಾಲಾಗ ಏನಿತ್ತರಿ?”

“ಕರೀ ಬೂಟು. ಥಳಥಳ ಅಂತಿತ್ತು.”

“ಧೋತರದ ಕೆಳಗ ಬೂಟು ಹಾಕ್ಕೊಂಡು ಕನ್ಯಾ ವಿಚಾರಸಾಕ ಯಾರ ಬರ್ತಾರ? ಅಂವ ಪೋಲೀಸಾಂವ ಇರಬೇಕು.”

ಗಂಗೂನ ನಗು ನಿಂತಿತು. ಪಾಸ್‌ಪೋರ್ಟ್ ಕೊಡುವ ಮುಂಚೆ ಪೋಲೀಸರು ಸಾದಾ ಬಟ್ಟೆಯಲ್ಲಿ ಬಂದು ನಡತೆ ವಿಚಾರಿಸುತ್ತಾರೆಂದು ದವಾಖಾನೆಯಲ್ಲಿ ಯಾರೋ ಅವಳಿಗೆ ಹೇಳಿದ್ದರಂತೆ. ಅವಳು ನನ್ನನ್ನು ಬೈಯಲಿಲ್ಲ. ಕೈ ತೊಳೆದು, ಥಂಡಿ ದೇಶಕ್ಕೆಂದು ಹೊಲಿಸಿದ್ದ ಉಣ್ಣೆಯ ಕೋಟನ್ನು ಮಡಚಿ ಟ್ರಂಕಿನ ತಳಕ್ಕೆ ಹಾಕಿದಳು.

ತಪ್ಪು ತಿದ್ದಿಕೊಳ್ಳಲು ದೇವರು ಮರುದಿನವೇ ಅವಕಾಶ ಕೊಟ್ಟ, ಎಂದುಕೊಂಡೆ. ಬಸ್ಸಿಳಿದ ದಪ್ಪ ಮನುಷ್ಯನೊಬ್ಬ ನೇರ ನನ್ನ ಅಂಗಡಿಗೆ ಬಂದು ಗಂಗೂನ ವಿಚಾರ ತೆಗೆದ. ಈ ಸಲ ನಾನು ಮೊದಲು ಕಾಲು ನೋಡಿದೆ. ಬೂಟು! ಇವನು ನಿನ್ನೆಯವನ ಸಾಹೇಬ, ಮರುತಪಾಸಣೆಗೆ ಬಂದಿದ್ದಾನೆ ಎಂದು ತೀರ್ಮಾನಿಸಿದೆ.

“ಆಕಳಂಥಾ ಹುಡುಗಿ ಸಾಹೇಬ್ರ. ನೆಲಾ ನೋಡಿ ನಡೀತಾಳ. ಇಪ್ಪತ್ನಾಲ್ಕು ಅಂದ್ರ ಇಪ್ಪತ್ನಾಲ್ಕ, ಒಂದು ದಿನಾ ಹೆಚ್ಚಿಲ್ಲ.”

“ಸಿಟ್ಟು-ಸೆಡವು?”

“ಆಕಿಗೆ ಸಿಟ್ಟು ಬಂದದ್ದು ಹಡದವ್ವನೂ ನೋಡಿಲ್ಲರಿ.”

ಸಂಜೆ ಮನೆಗೆ ಹೋದರೆ ಅದೇ ಮನುಷ್ಯ ನಮ್ಮ ಪಡಸಾಲೆಯಲ್ಲಿ ಅವಲಕ್ಕಿ ತಿನ್ನುತ್ತಿದ್ದ. ಮುದ್ದೇಬಿಹಾಳದ ಹುಡುಗನ ಸೋದರಮಾವನಂತೆ.

“ಬಸ್‌ಸ್ಟ್ಯಾಂಡಿನ್ಯಾಗ ಸೈಕಲ್ ಅಂಗಡಿಯಾಂವ ನಿಮ್ಮ ಹುಡುಗೀನ ಬಾಳ ಹೊಗಳಿದ್ರಿ ಅವ್ವಾರ. ಸಂಬಂಧಿಲ್ಲದಾಂವ ಅಷ್ಟು ಹೇಳಬೇಕಾದ್ರ—” ಎನ್ನುತ್ತಿದ್ದವನು ನನ್ನನ್ನು ಕಂಡ. “ಇವರ ನೋಡ್ರಿ, ಇವರ!”

“ಇಂವ ನನ್ನ ಮಗ,” ಎಂದಳು ಅವ್ವ.

ಆತ ತಟ್ಟೆ ಕೆಳಗಿಟ್ಟ. ಅಣ್ಣನೇ ಗುರುತು ಮುಚ್ಚಿಟ್ಟು ಹೊಗಳಬೇಕಾದರೆ ಹುಡುಗಿಯಲ್ಲಿ ಎಂಥ ಐಬಿರಬೇಕೋ ಎಂದು ಅವನ ಮುಖವೇ ಹೇಳಿತು. ಚಹಾ ಬರುವವರೆಗೂ ನಿಲ್ಲಲಿಲ್ಲ. ಬೈಗುಳದಿಂದ ಮುರಿಯಬೇಕೆಂದಿದ್ದ ಸಂಬಂಧ ಹೊಗಳಿಕೆಯಿಂದ ಮುರಿಯಿತು.

ಅವ್ವ ಆತ ಬಿಟ್ಟುಹೋದ ತಟ್ಟೆ ಎತ್ತಿಕೊಂಡು ಅಂದಳು: “ಹೋಗಲಿ ಬಿಡು, ಆಕಿ ಇಂಗ್ಲೆಂಡಿಗೇ ಹೋಗಲಿ. ಇಂವ ಇರೂತನಕ ಈ ಊರಾಗ ಆಕಿಗೆ ಲಗ್ನಿಲ್ಲ.”

ಇನ್ನು ಉಳಿದದ್ದು ಪೋಲೀಸರು. ಮರುದಿನ ಬೆಳಿಗ್ಗೆ ಗಂಗೂ ನನ್ನನ್ನು ಠಾಣೆಗೆ ಎಳೆದೊಯ್ದಳು. ಅದೇ ಮೀಸೆ, ಈಗ ಖಾಕಿಯಲ್ಲಿ. ಜಮಾದಾರರು.

“ಇಂವ ಹೇಳಿದ್ದೆಲ್ಲಾ ಸುಳ್ಳರಿ. ಇಂವ ನಮ್ಮಣ್ಣ.”

“ಸ್ವಂತ ಅಣ್ಣ?”

“ಸ್ವಂತರಿ.”

ನಾನು ಮುದ್ದೇಬಿಹಾಳದಿಂದ ಆರಂಭಿಸಿ ಎಲ್ಲವನ್ನೂ ಒಪ್ಪಿಕೊಂಡೆ. “ನೀವು ಗಂಡಿನ ಕಡೇವ್ರು ಅಂತ ತಿಳದಿದ್ದೆರಿ. ನನ್ನ ಒಳಗ ಹಾಕ್ರಿ, ಆಕೀನ ಕಳಿಸ್ರಿ.”

ಜಮಾದಾರರು ಗಂಗೂನನ್ನು ನೋಡಿದರು. ನನ್ನನ್ನು ಇನ್ನಷ್ಟು ಹೊತ್ತು ನೋಡಿದರು. ಪೆನ್ನಿನ ಟೊಪ್ಪಿ ತೆಗೆದರು.

“ತಂಗೀ, ಆ ದೇಶಾ ಎಷ್ಟು ದೂರ?”

“ಹಡಗಿನ್ಯಾಗ ಎರಡು-ಮೂರು ವಾರ ಬೇಕಂತರಿ.”

“ಅಷ್ಟು ದೂರ ಸಾಕಾಗ್ತೈತೇನು?” ಎಂದು ಗಲ್ಲದಿಂದ ನನ್ನ ಕಡೆ ತೋರಿಸಿ, ಪಾಸ್‌ಪೋರ್ಟಿನ ಕಾಗದಕ್ಕೆ ಸಹಿ ಹಾಕಿದರು.

ಗಂಗೂ ತಕ್ಷಣ ನಕ್ಕಿದ್ದರೆ ಚಲೋ ಇತ್ತು. ನನ್ನನ್ನು ನೋಡಿ ಸ್ವಲ್ಪ ಯೋಚಿಸಿದಳು.

“ಹೋಗಿ ನೋಡ್ತೇನ್ರಿ,” ಎಂದಳು.